ಯಾವ ಬಾತು?

ಅವರ ಮುಂಗೈಗಳಲ್ಲಿ ಒಂದು ಕೂದಲೂ ಇರಲಿಲ್ಲ. ಎಣ್ಣೆಯ ಹಳೇ ಡ್ರಮ್ಮನ್ನು ಒಲೆ ಮಾಡಿಕೊಂಡು, ಮಾವಿನ ಸೌದೆಯ ಕೆಂಡ ಹರಡಿ, ಬಾತುಕೋಳಿಗಳನ್ನು ಕೊಂಡಿಗೆ ಸಿಕ್ಕಿಸಿ ಇಳಿಬಿಡುವಾಗ ಮೊಣಕೈವರೆಗೂ ಕೈ ಆ ಝಳದೊಳಗೆ ಹೋಗುತ್ತಿತ್ತು. ಕೂದಲೆಲ್ಲ ಸೀದುಹೋಗಿ ಚರ್ಮ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನಂತಿತ್ತು. ಕೋಲಾರದ ಟೊಮ್ಯಾಟೊ ಮಂಡಿಯ ಗೇಟಿನಲ್ಲಿ ನನ್ನ ಗಾಡಿಯ ಪಕ್ಕಕ್ಕೆ ಅವರು ತಮ್ಮ ಗಾಡಿ ತಂದು ನಿಲ್ಲಿಸಿದ ದಿನ ಮೊದಲು ಕಂಡದ್ದು ಆ ಕೈಗಳು. ಆಮೇಲೆ ಅವರ ಬೋರ್ಡು ಕಂಡಿತು. ಮೈಯೆಲ್ಲ ಉರಿದುಹೋಯಿತು.

ನನ್ನ ಗಾಡಿಯ ಮೇಲೆ ‘ಬಿಸಿ ಬಿಸಿ ಬಾತು’ ಎಂದು ಬರೆಸಿದ್ದು ನನ್ನ ಗಂಡ. ಟೊಮ್ಯಾಟೊ ಬಾತು, ವಾಂಗಿಬಾತು, ಇಷ್ಟೇ ನನ್ನ ವ್ಯಾಪಾರ. ಗಂಡ ತೀರಿಹೋದ ಮೇಲೆ ನನಗೂ ಮಗಳಿಗೂ ಆ ಗಾಡಿಯೇ ಗತಿ. ನಮ್ಮ ಮನೆಯೊಳಗೆ ಮೊಟ್ಟೆ ಸಹ ಬರುವುದಿಲ್ಲ. ನನ್ನಲ್ಲಿ ತಿನ್ನುವವರೂ ಹೆಚ್ಚಿನಂಶ ಅಂಥವರೇ. ಈಗ ಪಕ್ಕದಲ್ಲೇ ಇನ್ನೊಂದು ‘ಬಿಸಿ ಬಿಸಿ ಬಾತು’. ಅದರ ಕೆಳಗೆ, ಕತ್ತು ಜೋಲುಬಿಟ್ಟುಕೊಂಡು ನೇತಾಡುವ ಕೆಂಪನೆಯ ಬಾತುಗಳು.

“ಬೋರ್ಡ್ ತೆಗೀರಿ, ಇಲ್ಲಾಂದ್ರೆ ಗಾಡಿ ತೆಗೀರಿ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ” ಎಂದೆ.

“ಕೋಪ ಯಾಕಮ್ಮಣ್ಣಿ? ನಮ್ಮ ರಾಯಲ್ಪಾಡಲ್ಲಿ ಬಾತು ಅಂದ್ರೆ ಇದೊಂದೇ. ಅನ್ನಕ್ಕೂ ಬಾತು ಅಂತೀರಾ ನೀವು?” ಅವರ ಮನೆಮಾತು ತೆಲುಗು. ತೆಲುಗಿನಲ್ಲಿ ಬಾತು ಎಂದರೆ ಆ ಹಕ್ಕಿ ಮಾತ್ರ. ನಿಜವಾಗಿಯೂ ಗೊತ್ತಿರಲಿಲ್ಲ ಪಾಪ.

ಅಷ್ಟರಲ್ಲಿ ಕನ್ನಡಕದ ಮೇಷ್ಟ್ರೊಬ್ಬರು ಪೇಪರು ಓದುತ್ತಲೇ ಬಂದು ಅವರ ಗಾಡಿಯ ಮುಂದೆ ನಿಂತರು. “ಒಂದು ಪ್ಲೇಟ್ ಬಾತು. ಬದನೆಕಾಯಿ ಸ್ವಲ್ಪ ಜಾಸ್ತಿ ಹಾಕಪ್ಪ.”

“ಬದನೆಕಾಯಿ ಇಲ್ಲ ಸಾರ್. ತೊಡೆ ಹಾಕ್ಲಾ?”

ಮೇಷ್ಟ್ರು ತಲೆಯೆತ್ತಿದರು. ಒಂದು ಬಾತು ಅವರ ಮೂಗಿನ ನೇರಕ್ಕೇ ತೂಗುತ್ತಿತ್ತು. ಪೇಪರನ್ನು ಅಲ್ಲೇ ಬಿಟ್ಟು ಅವರು ಓಡಿದ ಓಟ ನೋಡಿ, ಅಷ್ಟು ಕೋಪದಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಆವತ್ತಿನಿಂದ ಆ ಬಾತು ಸುಡುವವರು ನನಗೆ ಮಾವ.

ಮಾರನೆಯ ದಿನ ಬರುವಷ್ಟರಲ್ಲಿ ಮಾವ ಎರಡು ಗಾಡಿಗಳ ನಡುವೆ ನೀಲಿ ಟಾರ್ಪಾಲು ಕಟ್ಟಿ, ಡ್ರಮ್ಮನ್ನು ಆಚೆ ಬದಿಗೆ ಸರಿಸಿ, ಬೋರ್ಡಿನಲ್ಲಿ ‘ಬಾತು’ ಎಂಬುದರ ಮೊದಲು ‘ಸುಟ್ಟ’ ಎಂದು ಸೇರಿಸಿದ್ದರು.

ವಯಸ್ಸಿನಲ್ಲಿ ಅವರು ಸಿಂಗಪುರಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದವರು. ಕೆಲಸ ತಪ್ಪಿದಾಗ ಬೀದಿಬದಿಯ ಅಂಗಡಿಯ ಚೀನೀ ಮುದುಕನೊಬ್ಬ ತಟ್ಟೆ ತೊಳೆಯಲು ಇಟ್ಟುಕೊಂಡ. ಬಾತು ಸುಡುವುದು, ಹಂದಿಮಾಂಸ ಸುಡುವುದು ಎಲ್ಲ ಕಲಿಸಿದ. ಆ ಮುದುಕ ಬಾತಿನ ಚರ್ಮಕ್ಕೆ ಸವರುತ್ತಿದ್ದ ಪಾಕ ಇಲ್ಲಿ ಸಿಗಲಿಲ್ಲವಂತೆ. ಮಾವ ಮೊಳಕೆ ರಾಗಿಯ ಗಂಜಿಯ ತಿಳಿಗೆ ಬೆಲ್ಲ ಕದಡಿ ಸವರಿ, ಗಾಳಿಗೆ ಒಣಗಿಸಿ ಸುಡುತ್ತಿದ್ದರು. ಹೈವೇ ಹೋಟೆಲಿನವರು ಬಂದು ಕರೆದರೂ ಹೋಗಲಿಲ್ಲ. ಅಲ್ಲಿನ ರೇಟಿಗೆ ಹಮಾಲಿಗಳು ಬಾತಿನ ವಾಸನೆ ಮಾತ್ರ ಕುಡಿಯಬೇಕು ಎನ್ನುತ್ತಿದ್ದರು. “ಕ್ರೇಟ್ ಹೊರೋನ ಬಾಯಲ್ಲೂ ಕರುಂ ಅನ್ಬೇಕು ಅಮ್ಮಣ್ಣಿ. ಆ ಮುದುಕ ನಂಗೆ ಹೇಳ್ಕೊಟ್ಟಿದ್ದು ಅದೇ.”

ಮಂಡಿಗೆ ಟೊಮ್ಯಾಟೊ ಬರುವುದು ಕಡಿಮೆಯಾದ ತಿಂಗಳುಗಳಲ್ಲಿ ನನ್ನ ಬಾತು ಉಳಿದು ಹಳಸತೊಡಗಿತು. ಗಾಡಿ ಮಾರಿಬಿಡೋಣ ಎಂದುಕೊಂಡಿದ್ದೆ. ಆಗ ಮಾವ ಟಾರ್ಪಾಲಿನ ಆಚೆಯಿಂದಲೇ ಕೇಳಿದರು: “ಸಿಂಗಪುರದಲ್ಲಿ ಬಾತು ಅನ್ನದ ಮೇಲಿಟ್ಟೇ ಕೊಡೋದು. ಮಧ್ಯಾಹ್ನಕ್ಕೆ ಬಿಳೀ ಅನ್ನ ಮಾಡ್ತೀಯಾ?”

“ನನ್ನ ಪಾತ್ರೆ ಮೈಲಿಗೆ ಆಗುತ್ತೆ ಮಾವ.”

“ನಿನ್ನ ಪಾತ್ರೆಗೆ ನನ್ನ ಕೈ ಸೋಕಲ್ಲ. ನೀನು ಎಲೆಗೆ ಬಡಿಸಿ ಕಳಿಸು, ಮೇಲೆ ಇಡೋದು ನನ್ನ ಕೆಲಸ.”

ಹಾಗೆ ಉಳಿಯಿತು ನನ್ನ ಗಾಡಿ. ಜನ ನನ್ನಲ್ಲಿ ಅನ್ನ ಹಾಕಿಸಿಕೊಂಡು, ಟಾರ್ಪಾಲು ದಾಟಿ ಅವರಲ್ಲಿ ಬಾತು ಇಡಿಸಿಕೊಂಡು ತಿಂದರು. ಮಗಳ ಓದು ಮುಗಿದದ್ದು ಆ ಅನ್ನದಲ್ಲಿ. ಮಾವ ಮಾತ್ರ ಕೊಟ್ಟ ಮಾತಿಗೆ ಒಂದು ದಿನವೂ ತಪ್ಪಲಿಲ್ಲ. ದಿನವಿಡೀ ಆ ಹೊಗೆಯಲ್ಲಿ ನಿಂತವರಿಗೆ ತಾವು ಸುಟ್ಟ ಬಾತು ತಿನ್ನುವ ಆಸೆಯೇ ಇರುತ್ತಿರಲಿಲ್ಲ. ಸೋಪು ಹಾಕಿ ಕೈ ತೊಳೆದು, ಎಲೆಯನ್ನು ದೂರದಿಂದಲೇ ಚಾಚಿ, ನನ್ನ ಟೊಮ್ಯಾಟೊ ಬಾತು ಹಾಕಿಸಿಕೊಳ್ಳುತ್ತಿದ್ದರು. ತಿಂದಾದ ಮೇಲೆ ತಪ್ಪದೆ, “ಉಪ್ಪು ಒಂದು ಚಿಟಿಕೆ ಕಮ್ಮಿ” ಎನ್ನುತ್ತಿದ್ದರು. ನಾನು ತಪ್ಪದೆ ರೇಗುತ್ತಿದ್ದೆ.

ಹೋದ ವರ್ಷ ಎದೆಗೆ ಹೊಗೆ ಕಟ್ಟಿ ಮಾವ ಊರು ಸೇರಿದರು. ಕೆಲವು ತಿಂಗಳ ಮೇಲೆ ಅವರ ಮಗಳ ಫೋನು. “ಅಕ್ಕಾ, ನಾಯನ ಏನೂ ತಿನ್ತಿಲ್ಲ. ಬಾತು ಬಾತು ಅಂತಾರೆ. ಮಾಡಿ ಕೊಟ್ರೆ ಮುಖ ತಿರುಗಿಸ್ತಾರೆ.”

“ಏನು ಮಾಡಿದ್ದೆ?”

“ಇನ್ನೇನಕ್ಕ? ಬಾತು ಕುಯ್ದು ಸಾರು ಮಾಡಿದ್ದೆ.”

ಕೂತು ಅತ್ತೆ. ಆಮೇಲೆ ಎದ್ದು ಒಲೆ ಹಚ್ಚಿದೆ.

ಪಾತ್ರೆಗೆ ಟವೆಲು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ರಾಯಲ್ಪಾಡಿಗೆ ಹೋದೆ. ಮಾವ ಮಂಚಕ್ಕೆ ಅಂಟಿಹೋಗಿದ್ದರು. ಮುಂಗೈ ನೋಡಿದೆ. ಬೆಂಕಿ ಬಿಟ್ಟು ಎಷ್ಟೋ ದಿನವಾಗಿತ್ತಲ್ಲ, ಎಳೆಯ ಬಿಳೀ ಕೂದಲು ಬಂದಿತ್ತು. ಮುಚ್ಚಳ ತೆಗೆದೆ. ವಾಸನೆಗೆ ಕಣ್ಣು ಬಿಟ್ಟರು. ಕೈ ಚಾಚಿದವರು ಪಾತ್ರೆ ನೋಡಿ ಹಿಂದಕ್ಕೆ ಎಳೆದುಕೊಂಡರು.

“ಎಲೆ ಕೊಡಮ್ಮಣ್ಣಿ.”

“ಎಲೆ ತಂದಿಲ್ಲ. ಪಾತ್ರೆಗೇ ಕೈ ಹಾಕಿ ಮಾವ.”

“ಕೈ ತೊಳ್ದಿಲ್ಲ.”

“ಗೊತ್ತು. ಹಾಕಿ.”

ನನ್ನ ಮುಖವನ್ನೇ ನೋಡುತ್ತ ಕೈ ಹಾಕಿದರು. ಒಂದು ತುತ್ತು ತಿಂದರು, ಇನ್ನೊಂದು ತಿಂದರು. “ಉಪ್ಪು ಕಮ್ಮಿ” ಎಂದರು. ಆವತ್ತು ನನಗೆ ರೇಗಲು ಆಗಲಿಲ್ಲ.

ಆ ವಾರವೇ ಹೋದರು. ಮಣ್ಣು ಮುಗಿಸಿ ಬಂದ ಮಾರನೆಯ ದಿನ ಅದೇ ಪಾತ್ರೆಯಲ್ಲಿ ಬಾತು ಮಾಡಿದೆ. ಉಪ್ಪು ಸರಿಯಾಗಿ ತೆಗೆದುಕೊಂಡಿದ್ದೆ. ಹಾಕುವಾಗ ಒಂದು ಚಿಟಿಕೆ ಬೆರಳಲ್ಲೇ ಉಳಿಸಿಕೊಂಡೆ.