ಮಂಗಳೂರಿನ ಓಟ

ಅಕ್ಕಿ ಗಿರಣಿಗೆ ಯಂತ್ರ ನೋಡಲು ಮಾನ್ವಿಯಿಂದ ಮಂಗಳೂರಿಗೆ ಹೋಗಿದ್ದೆ. ಬಸ್ಸಿನ ಆಯಾಸ ಇಳಿಯುವ ಮೊದಲೇ ಯಂತ್ರದ ಕಂಪನಿಯವರು, ಉಪಚಾರವೆಂದು, ಓಡುತ್ತಾ ಊರು ತೋರಿಸುವ ಗೈಡ್ ಒಬ್ಬನನ್ನು ಕಳಿಸಿದರು. ಆತ ಓಡುತ್ತಲೇ ಬಂದರಿನ ಕಥೆ ಹೇಳಿದ. ಹಿಂದೆ ಓಡುತ್ತಿದ್ದ ನನಗೆ ನನ್ನ ಏದುಸಿರಷ್ಟೇ ಕೇಳಿಸಿತು. "ಯವ್ವಾ" ಎಂದು ನರಳಿದೆ. ಅಲ್ಲೇ ರಸ್ತೆ ಕೆಲಸದಲ್ಲಿದ್ದ ಹೆಂಗಸೊಬ್ಬಳು ಆ ಮಾತಿನಲ್ಲೇ ನಮ್ಮ ಕಡೆಯನ್ನು ಗುರುತಿಸಿ, ಬುಟ್ಟಿ ಬಿಟ್ಟು ನನ್ನ ಜೊತೆ ಓಡತೊಡಗಿದಳು.

"ನಾವೂ ಆ ಕಡಿಯವ್ರರೀ, ಅರಕೇರಾ. ಯಾರಿಗೇನಾಗ್ಯದ? ಯಾವ ದವಾಖಾನಿ?"

ನಮ್ಮ ಕಡೆ ಸಾವುನೋವಿಗಲ್ಲದೆ ದೊಡ್ಡವರು ಓಡುವುದಿಲ್ಲ. ಓಡುವವರನ್ನು ಒಂಟಿಯಾಗಿ ಬಿಡುವುದೂ ಇಲ್ಲ. ಊರು ನೋಡಾಕತ್ತೀನಿ ಎನ್ನಲು ನಾಚಿಕೆಯಾಯಿತು.

"ನನಗೇ ಏನೋ ಆಗ್ಯದ ಯವ್ವಾ" ಎಂದು ಕೂತುಬಿಟ್ಟೆ.

ಆಕೆ ನೀರು ಕೊಟ್ಟು, ತಿರುಗಿ ಬಂದ ಗೈಡ್‌ಗೆ ಹೇಳಿದಳು: "ನೀ ಹೋಗಪ್ಪಾ. ಅವ್ರ ಮಂದಿ ನಾವದೀವಿ."

ಅರಕೇರಾ ಮಾನ್ವಿಗೆ ಹತ್ತಿರವೇ. ಆಕೆ ಎದುರಾದರೆ ಯಾಕೆ ಓಡುತ್ತಿದ್ದೆ ಎಂದು ಹೇಳಬೇಕಾದೀತೆಂದು ನಾನು ಇವತ್ತಿಗೂ ಅಲ್ಲಿಗೆ ಹೋಗಿಲ್ಲ.