ಕೊಟ್ರಮ್ಮತ್ತೆ ಬೋರಲು ಹಾಕಿದ ಬುಟ್ಟಿ

ಕೊಟ್ರಮ್ಮತ್ತೆಯ ಎಡಗೈ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಯಿತ್ತು. ಮಂಡಕ್ಕಿ ಭಟ್ಟಿಯಲ್ಲಿ ದುಡಿದ ಕೈಯಲ್ಲವೇ, ಅಲ್ಲೇ ಸುಟ್ಟುಕೊಂಡಿರಬೇಕು ಎಂದು ಕೊಟ್ಟೂರಿನ ನಮ್ಮ ಓಣಿಯವರೆಲ್ಲ ತಿಳಿದಿದ್ದೆವು. ಆ ಕೈಯನ್ನು ನಮ್ಮಿಬ್ಬರ ಹಿತ್ತಿಲ ನಡುವಿನ ಗೋಡೆಯ ಮೇಲಿಟ್ಟು ಅವರು ಬುದ್ಧಿ ಹೇಳುತ್ತಿದ್ದರು. ಕೇಳಿದವರಿಗೂ, ಕೇಳದವರಿಗೂ.

ನಮ್ಮ ಮುದಿ ಬೆಕ್ಕು ಕರಿಗೆ ಇಲಿ ಹಿಡಿಯುವುದು ಸಾಕಾಗಿತ್ತು. ಪಕ್ಕದ ಊರು ಉಜ್ಜಿನಿಯಿಂದ ಒಂದು ಮರಿ ತಂದೆ. ಅತ್ತೆ ಬಂದವರೇ, ವಾಸನೆ ಹತ್ತಲೆಂದು ಕರಿ ಮಲಗುವ ಗೋಣಿಚೀಲದಿಂದ ಮರಿಯ ಮೈ ಉಜ್ಜಿ, ಅದೇ ಚೀಲದ ಮೇಲೆ ಬಿಟ್ಟು, ಬಿದಿರು ಬುಟ್ಟಿ ಬೋರಲು ಹಾಕಿ, ಮೇಲೊಂದು ಗುಂಡುಕಲ್ಲು ಹೇರಿದರು. ಕರಿಯನ್ನು ಹೊರಗೆ ಹಾಕಿದಾಗಷ್ಟೇ ಮರಿಗೆ ಬಿಡುಗಡೆ.

"ಕರಿಗೆ ಇದರ ಮಗ್ಗಲಕ್ಕ ಹಾಲು ಇಡು. ಬುಟ್ಟಿಗೆ ಬೆನ್ನು ತಿರುವಿ ಕುಡದ ದಿನ ಅದರ ಮುಂದ ಎತ್ತು, ಅಲ್ಲೀತನಕ ಬ್ಯಾಡ. ಅಂಜಿಕಿ ಇದ್ದದ್ದು ಬೆನ್ನು ತೋರಸಂಗಿಲ್ಲವ್ವ."

ಐದನೇ ದಿನ ಕರಿ ಬುಟ್ಟಿಗೆ ಮೂಗು ಹಚ್ಚಿ ಮಲಗಿತ್ತು. ಪ್ರೀತಿ ಹುಟ್ಟಿತು ಎಂದುಕೊಂಡು ಕಲ್ಲು ಇಳಿಸಿ ಬುಟ್ಟಿ ಎತ್ತಿದೆ. ನಾನು ಚೀರುವಷ್ಟರಲ್ಲಿ ಮರಿಯ ಕುತ್ತಿಗೆ ಕರಿಯ ಬಾಯಲ್ಲಿತ್ತು.

ಕಸಬರಿಗೆ ಹಿಡಿದು ಕರಿಯನ್ನು ಅಟ್ಟಿಸಿಕೊಂಡು ಹೋದೆ. ಚೀರಾಟ ಕೇಳಿ ಬಂದ ಅತ್ತೆ ನನ್ನ ಕೈ ಹಿಡಿದರು.

"ಮಲಗಿದ್ದಿಲ್ಲವ್ವ ಅದು. ಕಾಯ್ತಿತ್ತು."

ಸತ್ತ ಮರಿಯನ್ನು ಬಟ್ಟೆಯಲ್ಲಿ ಸುತ್ತುತ್ತ, "ನಾನೂ ಹಿರೇಕಿ ಇದ್ದ ಮನಿಗೆ ಎರಡನೇಕಿ ಆಗಿ ಬಂದಾಕಿ. ನಮ್ಮಪ್ಪ ಬಾಗಲದಾಗ ಬಿಟ್ಟು ಬಸ್ ಹತ್ತಿದ. ಮೂರನೇ ದಿನಕ್ಕ ಆಕಿ ಉರಿಯೋ ಕೊಳ್ಳಿ ತಗೊಂಡು ಬಂದ್ಲು. ನನ್ನ ತರೋ ಮುಂದ ಆಕೀನ ಯಾರು ಕೇಳಿದ್ರು, ಹೇಳು?" ಎಂದರು. ಕಲೆ ಭಟ್ಟಿಯದಲ್ಲ ಎಂದು ಆಗ ಗೊತ್ತಾಯಿತು. ಕಸಬರಿಗೆ ಹಿಡಿದ ನನ್ನ ಕೈ ಕಂಡು ನನಗೇ ಹೇಸಿಗೆಯಾಯಿತು.

ಎರಡನೇ ಮರಿಯನ್ನು ಅವರೇ ತಂದುಕೊಟ್ಟರು. ಬುಟ್ಟಿ ಬೋರಲು ಹಾಕಿದ ಮರುದಿನವೇ ಎದೆನೋವೆಂದು ದವಾಖಾನೆ ಸೇರಿದರು. ನೋಡಲು ಹೋದರೆ ಮಾತಿಗೆ ಉಸಿರು ಸಾಲದು.

"ಕರಿ ಮುಂದ ಬುಟ್ಟಿ ಎತ್ತಿದೇನು?"

"ಇಲ್ರಿ ಅತ್ತಿ."

"ಬೆನ್ನು ತಿರುವಿದ್ರ ನನಗ ಕೂಗು. ನಾನ ಬಂದು ಎತ್ತತೀನಿ. ನಿನ್ನ ಕೈ ಅವಸರದ್ದು."

ಅದೇ ಅವರ ಕೊನೆಯ ಬೈಗುಳ. ಮೂರು ದಿನಕ್ಕೆ ಅವರನ್ನು ಮಣ್ಣು ಮಾಡಿ ಬಂದೆವು.

ಇಂದು ಬೆಳಿಗ್ಗೆ ಕರಿ ಬುಟ್ಟಿಗೆ ಬೆನ್ನು ಹಾಕಿ, ತಟ್ಟೆ ಬರಿದಾಗುವ ತನಕ ಹಾಲು ಕುಡಿಯಿತು. ಗೋಡೆಯತ್ತ ಓಡಿ, "ಅತ್ತೀ, ತಿರುಗೈತಿ, ಬರ್ರಿ!" ಎಂದು ಕೂಗಿಬಿಟ್ಟೆ. ಆಚೆ ಹಿತ್ತಿಲ ಬಾಗಿಲಿಗೆ ಬೀಗ. ಒಳಗೆ ಬಂದು ಬುಟ್ಟಿಯ ಮುಂದೆ ಕೂತೆ. ಮರಿ ಒಳಗಿಂದ ಅಳುತ್ತಿದೆ. ಅವರು ಹೇರಿದ್ದ ಕಲ್ಲು ಇನ್ನೂ ಬುಟ್ಟಿಯ ಮೇಲೇ ಇದೆ.