ಗಿರಿಜೆಯ ಸಮುದ್ರ

ಬೆಳಿಗ್ಗೆ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಕೂತಿದ್ದೆ. ಮನೆಯಲ್ಲಿ ತಿಂಡಿ ಇರಲಿಲ್ಲವೆಂದಲ್ಲ. ಇಡ್ಲಿಯನ್ನು ಸಾಂಬಾರಿನಲ್ಲಿ ಪೂರ್ತಿ ಮುಳುಗಿಸಿ ತಿನ್ನುವುದು ನನ್ನ ಚಟ, ಹೆಂಡತಿಯ ಎದುರು ಹಾಗೆ ತಿಂದರೆ ಬೈಸಿಕೊಳ್ಳಬೇಕಾಗುತ್ತದೆ. ಗೋಡೆಯ ಟಿ.ವಿ.ಯಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಒಳನಾಡಿನಲ್ಲೂ ಮಳೆಯಾಗುವ ಸಂಭವವಿದೆ ಎಂದು ಹೇಳುತ್ತಿದ್ದರು. ಎದುರಿಗೆ ಕೂತಿದ್ದವರು ಕಾಫಿ ಲೋಟ ಕೆಳಗಿಟ್ಟು, "ಸಂಭವ ಅಂತೆ! ಬರುತ್ತೋ ಇಲ್ವೋ ಅಂತ ಹೇಳೋಕೆ ಇವರಿಗೇನು ಕಷ್ಟ ಮಾರಾಯ್ರೆ?" ಅಂದರು. ಒಂದು ಕಾಲದಲ್ಲಿ ನಾನೂ ಹೀಗೇ ಅನ್ನುತ್ತಿದ್ದೆ. ಇವತ್ತು ಅನ್ನಲಾಗಲಿಲ್ಲ. ಗಿರಿಜೆ ನೆನಪಾದಳು.

ಗಿರಿಜೆ ನನ್ನ ಹೆಂಡತಿ ಶಶಿಕಲಾಳ ತಂಗಿ. ನಮ್ಮ ಮಾವನವರು ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದರು. ಕ್ವಾರ್ಟರ್ಸ್‌ನ ಆಚೆ ಮನೆಯವರು ತಮಿಳರು, ಈಚೆ ಮನೆಯವರು ತೆಲುಗರು. ಹಾಗಾಗಿ ಗಿರಿಜೆಗೆ ಮೂರು ಭಾಷೆಯಲ್ಲಿ ಜಗಳವಾಡಲು ಬರುತ್ತಿತ್ತು. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಓಡಾಡಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದಳು. ಆಮೇಲೆ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಕಡಲತೀರದ ಊರೊಂದರ ಸಂಶೋಧನಾ ಸಂಸ್ಥೆಗೆ ಸೇರಿದಳು. ಅದುವರೆಗೆ ಅವಳು ಸಮುದ್ರವನ್ನೇ ನೋಡಿರಲಿಲ್ಲ.

ಸಮುದ್ರದ ಮೇಲೆ ಸಂಶೋಧನೆ ಎಂದರೆ ನೆಂಟರಿಷ್ಟರಿಗೆಲ್ಲ ಒಂದೇ ಅರ್ಥ. ನಾನೂ ಏನು ಕಡಿಮೆಯಲ್ಲ. ಮೊದಲ ರಜೆಯಲ್ಲಿ ಬಂದವಳು ಗಾಂಧಿ ಬಜಾರಿನ ನನ್ನ ಬಟ್ಟೆ ಅಂಗಡಿಗೆ ಬಂದಾಗ, ಗಿರಾಕಿಗಳೆದುರು ತಿಳಿದವನಂತೆ, "ಈಗ ಯಾವ ಮೀನಿನ ಮೇಲೆ ಓದ್ತಿದ್ದೀಯ?" ಅಂತ ಕೇಳಿದೆ.

"ಮೀನಲ್ಲ ಭಾವ, ನೀರು," ಅಂದಳು. "ಇಡೀ ಸಮುದ್ರಾನ ಕಂಪ್ಯೂಟರಿನೊಳಗೆ ಚೌಕ ಚೌಕ ಮಾಡಿ ಇಟ್ಕೊಳ್ತೀವಿ. ಒಂದೊಂದು ಚೌಕದಲ್ಲೂ ಎಷ್ಟು ಬಿಸಿ, ಎಷ್ಟು ಉಪ್ಪು, ಗಾಳಿ ಎಷ್ಟು ಕಲಕುತ್ತೆ ಅಂತ ಲೆಕ್ಕ ಹಾಕಿದ್ರೆ ಮುಂದೆ ಮಳೆ ಹೇಗಾಗಬಹುದು ಅಂತ ಸ್ವಲ್ಪ ಗೊತ್ತಾಗುತ್ತೆ."

ನಾನು ಕೌಂಟರಿನ ಮೇಲೆ ಹರಡಿದ್ದ ಚೌಕಳಿ ಲುಂಗಿಯನ್ನು ನೋಡಿದೆ. ಸಮುದ್ರ ಇದರ ಹಾಗಾ ಎಂದು ಕೇಳಿದ್ದಕ್ಕೆ, "ಹಾಗೇ ಅಂತಿಟ್ಕೊಳ್ಳಿ, ಒಂದರ ಕೆಳಗೊಂದು ಪದರ ಪದರವಾಗಿ," ಎಂದಳು. ಅವತ್ತಿನಿಂದ ಕೇಳಿದವರಿಗೆಲ್ಲ ನನ್ನ ನಾದಿನಿಯ ಸಂಶೋಧನೆಯನ್ನು ಲುಂಗಿ ಹಿಡಿದು ವಿವರಿಸುತ್ತಿದ್ದೆ. ಕೆಲವರು ಲುಂಗಿಯನ್ನೂ ಕೊಂಡರು.

ಎರಡು ಮೂರು ವರ್ಷ ಕಳೆದ ಮೇಲೆ ಅವಳ ಲೆಕ್ಕ ಕೈಗೂಡಿತು. ಕಳೆದುಹೋದ ವರ್ಷಗಳ ಮಳೆಗಾಲಗಳನ್ನು ಅವಳ ಕಂಪ್ಯೂಟರಿನ ಸಮುದ್ರ ಹೆಚ್ಚುಕಡಿಮೆ ಇದ್ದ ಹಾಗೇ ಹೇಳಿಬಿಟ್ಟಿತು. ಅದನ್ನು ಪ್ರಕಟಿಸಿದರು, ಪರದೇಶದ ದೊಡ್ಡ ಸಮ್ಮೇಳನದಿಂದ ಕರೆ ಬಂತು. ಭದ್ರಾವತಿಯ ಕ್ವಾರ್ಟರ್ಸ್‌ನವರು ಸೇರಿ ಶಾಲು ಹೊದಿಸಿ ಸನ್ಮಾನ ಮಾಡಿದರು. ಸ್ವಾಗತ ಭಾಷಣ ಮಾಡಿದವರು ಅವಳನ್ನು "ವರುಣನ ಮಾನಸಪುತ್ರಿ" ಅಂತ ಕರೆದರು. ಗಿರಿಜೆ ನಾಚಿ ತಲೆ ತಗ್ಗಿಸಿದಳು, ಮಾವನವರು ಮಾತ್ರ ತಲೆ ಎತ್ತಿಯೇ ಕೂತಿದ್ದರು. ಶಾಲು ಹೊದ್ದ ಫೋಟೋ ಮಾವನವರ ಮನೆಯ ನಡುಕೋಣೆಯ ಗೋಡೆಗೆ ಬಂತು.

ಪ್ರಯಾಣಕ್ಕೆ ಇನ್ನೇನು ಕೆಲವು ವಾರಗಳಿರುವಾಗ ಹೇಳದೆ ಕೇಳದೆ ಊರಿಗೆ ಬಂದಳು. ಭದ್ರಾವತಿಗೆ ಹೋಗದೆ ನೇರ ನಮ್ಮ ಮನೆಗೆ. ಶಶಿ ಮಾಡಿದ ರೊಟ್ಟಿ ತಟ್ಟೆಯಲ್ಲೇ ಆರಿತು. ಮದುವೆ ಗಿದುವೆ ವಿಷಯವಿರಬಹುದೆಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಧ್ಯಾಹ್ನ ಅಂಗಡಿಗೆ ಬಂದು, ಗಿರಾಕಿಗಳಿಲ್ಲದ್ದು ನೋಡಿ ಹೇಳಿದಳು.

"ಭಾವ, ನನ್ನ ಲೆಕ್ಕದಲ್ಲಿ ತಪ್ಪಿದೆ. ಬಂಗಾಳ ಕೊಲ್ಲಿಗೆ ನದಿಗಳ ನೀರು ಎರಡೆರಡು ಸಲ ಸೇರ್ತಿದೆ. ನಾನೇ ಬರೆದ ಪ್ರೋಗ್ರಾಮು. ಮೊನ್ನೆ ಕಣ್ಣಿಗೆ ಬಿತ್ತು."

"ಮತ್ತೆ ಮಳೆ ಸರಿಯಾಗಿ ಹೇಳ್ತಲ್ಲ?"

"ಅದೇ ಕಷ್ಟ. ಇನ್ನೆಲ್ಲೋ ಬೇರೆ ತಪ್ಪೂ ಇದೆ. ಎರಡೂ ಸೇರಿ ಉತ್ತರ ಸರಿ ಬಂದಿದೆ. ಇದೊಂದನ್ನ ತಿದ್ದಿದ್ರೆ ಎಲ್ಲ ಕೆಟ್ಟು ಹೋಗುತ್ತೆ."

ನಾನು ವ್ಯಾಪಾರಸ್ಥ. "ಬೇರೆ ಯಾರಿಗೂ ಗೊತ್ತಿಲ್ವಲ್ಲ. ಹೋಗಿ ಬಂದು ಆಮೇಲೆ ನಿಧಾನಕ್ಕೆ ತಿದ್ಕೊಳಮ್ಮ," ಅಂದೆ. ಒಳ್ಳೆಯ ಬುದ್ಧಿವಾದವೆಂದೇ ಆಗ ನನಗನಿಸಿತ್ತು.

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು. "ಮುಂದೊಂದು ವರ್ಷ ಇದನ್ನ ನಂಬಿ ಯಾರೋ ಬಿತ್ತನೆ ಮಾಡ್ತಾರೆ, ಯಾರೋ ಡ್ಯಾಮಿನ ಬಾಗಿಲು ತೆಗೀತಾರೆ ಭಾವ. ಅವತ್ತು ಎರಡು ತಪ್ಪು ಒಂದಕ್ಕೊಂದು ಸರಿಹೋಗದೇ ಇದ್ರೆ?" ಅಂದಳು. ಅಂದು, ಕೌಂಟರಿನ ಮೇಲಿದ್ದ ಫೋನನ್ನು ತನ್ನ ಕಡೆ ಎಳೆದುಕೊಂಡಳು.

ಅವಳ ಮೇಲಧಿಕಾರಿಯ ಜೊತೆ ಮಾತು ಇಂಗ್ಲಿಷಿನಲ್ಲಿ ನಡೆಯಿತು. ನನಗೆ ಅರ್ಥವಾದದ್ದು "ಮೈ ಮಿಸ್ಟೇಕ್ ಸರ್" ಎನ್ನುವುದಷ್ಟೇ. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಫೋನಿಟ್ಟು ನನಗೆ ಹೇಳಿದಳು. ಪ್ರಬಂಧ ಹಿಂದಕ್ಕೆ ಪಡೆಯಬೇಕು, ಸಮ್ಮೇಳನದ ಪ್ರಯಾಣ ರದ್ದು, ಕೆಲಸ ಮುಂದುವರಿಯುವುದೋ ಇಲ್ಲವೋ ಆಮೇಲೆ ನೋಡೋಣ ಅಂದರಂತೆ. "ಬೈದ್ರಾ?" ಅಂದೆ. "ಇಲ್ಲ. ಥ್ಯಾಂಕ್ಸ್ ಅಂದ್ರು," ಎಂದವಳಿಗೆ ಅಳು ಬಂತು. ಸೀರೆ ನೋಡಲು ಬಂದ ಹೆಂಗಸರಿಬ್ಬರು ನಾನೇ ಏನೋ ಅಂದಿರಬೇಕೆಂದು ನನ್ನನ್ನು ದುರುಗುಟ್ಟಿ ನೋಡಿದರು.

ಸಂಜೆ ಮೂವರೂ ಭದ್ರಾವತಿಗೆ ಹೋದೆವು. ಮಾವನವರು ಎಲ್ಲವನ್ನೂ ಕೇಳಿ, ಗೋಡೆಯ ಫೋಟೋ ಕಡೆ ನೋಡಿ, ತೀರಾ ಗಂಭೀರವಾಗಿ, "ಹಾಗಾದ್ರೆ ಶಾಲು ವಾಪಸ್ ಕೊಡಬೇಕಾ?" ಅಂದರು. ಬಂದಾಗಿನಿಂದ ಗಿರಿಜೆ ನಕ್ಕಿದ್ದು ಆಗಲೇ. ಅತ್ತೆಯೂ ನಕ್ಕರು. ಏನು ತಮಾಷೆಯೆಂದು ಮಾವನವರಿಗೆ ಕೊನೆಗೂ ತಿಳಿಯಲಿಲ್ಲ. ಆದರೆ ಮಗಳು ಉಣ್ಣತೊಡಗಿದ್ದು ಕಂಡು ಅವರು ಹೆಚ್ಚು ವಿಚಾರಿಸಲಿಲ್ಲ.

ಕೆಲಸ ಹೋಗಲಿಲ್ಲ. ಎರಡನೆಯ ತಪ್ಪು ಹುಡುಕಲು ಮಾತ್ರ ಎರಡು ವರ್ಷದ ಮೇಲೆ ಹಿಡಿಯಿತು. ಜೊತೆಯವರೆಲ್ಲ ಮುಂದೆ ಹೋದರು, ಇವಳು ತನ್ನ ಚೌಕಗಳ ನಡುವೆ ಉಳಿದಳು. ಕೊನೆಗೊಂದು ರಜೆಯಲ್ಲಿ ಬಂದವಳು ನಮ್ಮ ಅಡುಗೆಮನೆಯಲ್ಲಿ ಗಾಜಿನ ಲೋಟಕ್ಕೆ ಅರಿಶಿನ ಕದಡಿದ ಉಪ್ಪುನೀರು ಹಾಕಿ, ಅದರ ಮೇಲೆ ಚಮಚದಿಂದ ಮೆಲ್ಲಗೆ ಸಿಹಿನೀರು ಬಿಟ್ಟಳು. ತಿಳಿ ನೀರು ಮೇಲೆ, ಹಳದಿ ನೀರು ಕೆಳಗೆ, ಬೇರೆ ಬೇರೆಯಾಗಿ ನಿಂತವು.

"ನೋಡಿ ಭಾವ, ನದಿ ನೀರು ಹಗುರ. ಸಮುದ್ರದ ಮೇಲೆ ತೆಳ್ಳಗೆ ಹೀಗೆ ಹರಡಿಕೊಳ್ಳುತ್ತೆ. ಬಿಸಿಲಿನ ಬಿಸಿ ಮೇಲೇ ಉಳಿಯುತ್ತೆ, ಅಲ್ಲಿ ಮೋಡ ಕಟ್ಟುತ್ತೆ. ಇದನ್ನ ಗಾಳಿ ಎಷ್ಟು ಬೇಗ ಕಲಕುತ್ತೆ ಅನ್ನೋದರಲ್ಲೇ ನನ್ನ ಇನ್ನೊಂದು ತಪ್ಪಿತ್ತು. ಈಗ ಸಿಕ್ತು."

"ನಮ್ಮ ತುಂಗೆ ನೀರೂ ಅಲ್ಲಿಗೆ ಹೋಗುತ್ತಾ?"

"ಹೋಗ್ದೆ? ಕೂಡಲಿಯಲ್ಲಿ ಭದ್ರೆ ಜೊತೆ ಸೇರಿ, ಆಮೇಲೆ ಕೃಷ್ಣೆಗೆ ಸೇರಿ, ಅಲ್ಲಿಂದ ಬಂಗಾಳ ಕೊಲ್ಲಿಗೆ. ನೀವು ಸ್ನಾನ ಮಾಡಿದ ನೀರೂ ನನ್ನ ಲೆಕ್ಕದಲ್ಲಿದೆ."

"ಮೊದಲು ನನ್ನ ಲೋಟ ತೊಳೆದಿಡು ಮಾರಾಯ್ತಿ," ಅಂದಳು ಶಶಿ.

ತಿದ್ದಿದ ಲೆಕ್ಕ ಹಳೆಯದರಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲವಂತೆ. ಕೆಲವು ವರ್ಷಗಳ ಮಳೆಯನ್ನು ಅದು ಹೇಳಲಾರದೆ ಹೋಯಿತು. ಯಾವ ವರ್ಷಗಳನ್ನು, ಏಕೆ ಎಂಬುದನ್ನೂ ಅವಳು ಬರೆದು ಪ್ರಕಟಿಸಿದಳು. ಹಾಗೆ ಬರೆದದ್ದರಿಂದಲೇ ಬೇರೆಯವರು ನಂಬಿ ಎತ್ತಿಕೊಂಡರು, ಅದರ ಮೇಲೆ ಇನ್ನಷ್ಟು ಕಟ್ಟಿದರು. ಅವಳಿಗೂ ಅಲ್ಲೇ ಕಾಯಂ ಕೆಲಸವಾಯಿತು. ಶಿವಮೊಗ್ಗದ ಕಾಲೇಜೊಂದರಲ್ಲಿ ಉಪನ್ಯಾಸಕ್ಕೆ ಕರೆದಾಗ ಮಾವನವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಕೊನೆಯಲ್ಲಿ ಒಬ್ಬರು ಎದ್ದು, "ಅದೆಲ್ಲ ಇರಲಿ ಮೇಡಂ, ಈ ವರ್ಷ ಮಳೆ ಹೇಗೆ?" ಅಂತ ಕೇಳಿದರು. "ಖಂಡಿತ ಅಂತ ಹೇಳೋಕಾಗಲ್ಲ. ಚೆನ್ನಾಗಾಗುವ ಸಂಭವ ಹೆಚ್ಚು," ಅಂದಳು. ಸಭೆಯಲ್ಲಿ ಸಣ್ಣ ನಗೆ ಎದ್ದಿತು. ಮಾವನವರು ಒಬ್ಬರೇ ಚಪ್ಪಾಳೆ ತಟ್ಟಿದರು. ಒಂದು ಕ್ಷಣ ಸುತ್ತಮುತ್ತ ನೋಡಿ ನಾನೂ ತಟ್ಟಿದೆ.

ಮಾವನವರು ಈಗಿಲ್ಲ. ಗಿರಿಜೆಯ ಕೂದಲು ನೆರೆತಿದೆ, ಅವಳ ಕೈಕೆಳಗೆ ಈಗ ಸಂಶೋಧನೆ ಮಾಡುವವರಿದ್ದಾರೆ. ಇಷ್ಟನ್ನೂ ಹೋಟೆಲಿನಲ್ಲಿ ಎದುರು ಕೂತವರಿಗೆ ಹೇಳಲು ಹೊರಟರೆ ಇಡ್ಲಿ ಆರುತ್ತಿತ್ತು. ಬಿಲ್ಲು ಕೊಟ್ಟು ಅಂಗಡಿಗೆ ಬಂದೆ.

ಬಾಗಿಲು ತೆಗೆದು ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಬಂದು ಕೆಂಪು ಹತ್ತಿ ಸೀರೆಯೊಂದನ್ನು ಬಿಡಿಸಿ, ಬೆಳಕಿಗೆ ಹಿಡಿದು, "ಬಣ್ಣ ಹೋಗುತ್ತಾ?" ಅಂತ ಕೇಳಿದರು. ನಮ್ಮಪ್ಪ ಇದ್ದಿದ್ದರೆ, ಬಣ್ಣ ಹೋದರೆ ಅಂಗಡಿಯನ್ನೇ ಬರೆದುಕೊಡ್ತೀನಿ ಅನ್ನುತ್ತಿದ್ದರು.

"ಮೊದಲ ಒಗೆತದಲ್ಲಿ ಸ್ವಲ್ಪ ಹೋಗಬಹುದಮ್ಮ. ಹೋಗಲ್ಲ ಅಂತ ಖಂಡಿತ ಹೇಳಲಾರೆ. ಬೇರೆ ಬಟ್ಟೆ ಜೊತೆ ನೆನೆಸಬೇಡಿ," ಅಂದೆ.

ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಜಮಖಾನೆಯ ಮೇಲೆ ಆರಾಮವಾಗಿ ಕೂತು, "ಹಾಗಾದ್ರೆ ಇನ್ನೊಂದು ನಾಲ್ಕು ತೋರಿಸಿ," ಎಂದರು.